ನಾಲ್ಕು ವಾರ, ಮೂರು ಕಣಿವೆ: ಬಸ್ಸಿನಲ್ಲಿ ದಕ್ಷಿಣ ಅಮೆರಿಕದ ದ್ರಾಕ್ಷಿ ಸೀಮೆ

ಪ್ರಶ್ನೆ: ನಾವಿಬ್ಬರು ಗೆಳತಿಯರು, ಧಾರವಾಡದವರು. ಮುಂದಿನ ವರ್ಷ ನಾಲ್ಕು ವಾರ ರಜೆ ಹೊಂದಿಸಿಕೊಂಡು, ಬೆನ್ನಿಗೊಂದು ಬ್ಯಾಗ್ ಹಾಕಿ, ದಕ್ಷಿಣ ಅಮೆರಿಕದ ವೈನ್ ಊರುಗಳನ್ನು ಬಸ್ಸಲ್ಲೇ ಸುತ್ತಬೇಕು ಅಂತಿದ್ದೇವೆ. ಅರ್ಜೆಂಟೀನಾ, ಚಿಲಿ, ಉರುಗ್ವೆ, ಬೊಲಿವಿಯಾ ನಾಲ್ಕೂ ಆಗುತ್ತದಾ? ಯಾವ ತಿಂಗಳು ಒಳ್ಳೆಯದು? ರಾತ್ರಿ ಬಸ್ಸು ಹೆಂಗಸರಿಗೆ ಸರಿಯಾ? ನನ್ನ ಗೆಳತಿ ಪಕ್ಕಾ ಸಸ್ಯಾಹಾರಿ. ಇಬ್ಬರಿಗೂ ಸ್ಪ್ಯಾನಿಷ್ ಬರುವುದಿಲ್ಲ. ವೈನ್ ಬಗ್ಗೆಯೂ ಅಷ್ಟಕ್ಕಷ್ಟೆ.

ಉತ್ತರ: ಮೊದಲು ಆ ನಾಲ್ಕು ದೇಶದ ಪಟ್ಟಿಯಲ್ಲಿ ಎರಡನ್ನು ಹೊಡೆದುಹಾಕಿ. ಉರುಗ್ವೆಯ ತನ್ನಾತ್ ದ್ರಾಕ್ಷಿ ಚೆನ್ನಾಗಿದೆ, ಬೊಲಿವಿಯಾದ ತಾರಿಹಾ ಕಣಿವೆಯೂ ಚೆನ್ನಾಗಿದೆ. ಆದರೆ ನಾಲ್ಕು ವಾರಕ್ಕೆ ನಾಲ್ಕು ದೇಶ ಅಂದರೆ ನೀವು ನೋಡುವುದು ಬಸ್ ನಿಲ್ದಾಣ ಮತ್ತು ಪಾಸ್‌ಪೋರ್ಟಿಗೆ ಸೀಲು ಹಾಕುವ ಕಿಟಕಿ, ಅಷ್ಟೇ. ಅರ್ಜೆಂಟೀನಾ ಮತ್ತು ಚಿಲಿ ಸಾಕು. ಅವೆರಡರಲ್ಲೂ ಮೂರೇ ಕಣಿವೆ: ಅರ್ಜೆಂಟೀನಾದ ಕಫಾಯಾತೆ, ಮೆಂಡೋಸಾ, ಚಿಲಿಯ ಕೊಲ್ಚಾಗುವಾ. ಒಂದೊಂದರಲ್ಲೂ ಮೂರರಿಂದ ಆರು ರಾತ್ರಿ ಉಳಿಯಿರಿ.

ನಾನು ಚಿಕ್ಕಬಳ್ಳಾಪುರ ಕಡೆಯವನು. ಮನೆಯ ಬೆಂಗಳೂರು ನೀಲಿ ದ್ರಾಕ್ಷಿ ಚಪ್ಪರದ ಕೆಳಗೆ ಆಡಿ ಬೆಳೆದವನು. ಆ ಸೀಮೆಗೆ ನಾಲ್ಕು ಸಲ ಹೋಗಿ ಬಂದಿದ್ದೇನೆ, ನಾಲ್ಕೂ ಸಲ ಬಸ್ಸಲ್ಲೇ. ಅಲ್ಲಿನ ವೈನ್ ಬಾಟಲಿ ಬೆಂಗಳೂರಿನ ಅಂಗಡಿಯಲ್ಲೂ ಸಿಗುತ್ತದೆ. ಅದಕ್ಕಾಗಿ ಭೂಮಿಯ ಆ ತುದಿಗೆ ಹೋಗಬೇಕಾಗಿಲ್ಲ. ಅಲ್ಲಿಗೆ ಹೋಗಿಯೇ ನೋಡಬೇಕಾದ್ದು ನೀರು. ಮಳೆ ಅಂದರೆ ಗೊತ್ತಿಲ್ಲದ ನೆಲಕ್ಕೆ ಆಂಡೀಸ್ ಬೆಟ್ಟದ ಹಿಮ ಕರಗಿ ಹೇಗೆ ಬರುತ್ತದೆ, ಅದನ್ನು ಯಾರು ಹಂಚುತ್ತಾರೆ, ಎಲ್ಲಿ ನೀರು ಮುಟ್ಟಿತೋ ಅಲ್ಲಿ ಬಳ್ಳಿ, ಮುಟ್ಟದ ಕಡೆ ಮುಳ್ಳು. ಈ ಗೆರೆ ಬಸ್ಸಿನ ಕಿಟಕಿಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಇನ್ನೆಲ್ಲೂ ಕಾಣುವುದಿಲ್ಲ. ಹಾಗಾಗಿ ನಿಮ್ಮ ಬಸ್ಸಿನ ಆಸೆ ಸರಿಯಾಗಿಯೇ ಇದೆ.

ತಿಂಗಳಿನ ವಿಷಯ. ಅಲ್ಲಿ ಋತು ನಮಗೆ ತಿರುಗುಮುರುಗು. ಕೊಯ್ಲು ಹೆಚ್ಚಾಗಿ ಫೆಬ್ರವರಿಯಿಂದ ಏಪ್ರಿಲ್ ಕೊನೆಯವರೆಗೆ. ಉತ್ತರದ ಕಫಾಯಾತೆಯಲ್ಲಿ ಬಿಳಿ ದ್ರಾಕ್ಷಿ ಬೇಗ ಮಾಗುತ್ತದೆ. ಮೆಂಡೋಸಾದ ಮಾಲ್ಬೆಕ್ ಅನ್ನುವ ಕಪ್ಪು ದ್ರಾಕ್ಷಿ ಮಾರ್ಚ್, ಏಪ್ರಿಲ್‌ಗೆ ಬರುತ್ತದೆ. ಚಿಲಿಯ ಕಾರ್ಮೆನೇರ್ ಎಲ್ಲಕ್ಕಿಂತ ತಡ, ಏಪ್ರಿಲ್ ಕೊನೆ, ಮೇವರೆಗೂ ಹೋಗುತ್ತದೆ. ಮಾರ್ಚ್ ಎರಡನೇ ವಾರ ಹೊರಟು ಉತ್ತರದಿಂದ ದಕ್ಷಿಣಕ್ಕೆ ಇಳಿದರೆ ಕೊಯ್ಲಿನ ಜೊತೆಜೊತೆಗೇ ಹೋದ ಹಾಗಾಗುತ್ತದೆ. ಮಾರ್ಚ್ ಮೊದಲ ವಾರದಲ್ಲಿ ಮೆಂಡೋಸಾದಲ್ಲಿ ವೆಂದಿಮಿಯಾ ಅನ್ನುವ ಕೊಯ್ಲಿನ ಹಬ್ಬ ನಡೆಯುತ್ತದೆ. 1936ರಿಂದ ನಡೆದುಬಂದಿರುವ ದೊಡ್ಡ ಹಬ್ಬ. ಆಗ ರೂಮು ಸಿಗುವುದು ಕಷ್ಟ, ಬಾಡಿಗೆಯೂ ಜಾಸ್ತಿ. ಹಬ್ಬವೇ ಬೇಕು ಅಂದರೆ ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಿ. ಇಲ್ಲವಾದರೆ ಅದು ಮುಗಿದ ಮೇಲೆ ಹೋಗಿ. ಈಸ್ಟರ್‌ಗೆ ಮುಂಚಿನ ವಾರ ಬಸ್ಸುಗಳೆಲ್ಲ ತುಂಬಿರುತ್ತವೆ, ಕ್ಯಾಲೆಂಡರ್ ನೋಡಿಕೊಳ್ಳಿ.

ದಾರಿ ಹೀಗೆ: ಬ್ಯೂನಸ್ ಐರಿಸ್, ತುಕುಮಾನ್, ಕಫಾಯಾತೆ, ಸಾಲ್ಟಾ, ಮೆಂಡೋಸಾ, ಸ್ಯಾಂಟಿಯಾಗೊ, ಸಾಂತಾ ಕ್ರೂಸ್, ವಾಲ್ಪರೈಸೊ. ವಿಮಾನದ ಟಿಕೆಟ್ ತೆಗೆಯುವಾಗ ಬ್ಯೂನಸ್ ಐರಿಸ್‌ಗೆ ಇಳಿದು ಸ್ಯಾಂಟಿಯಾಗೊದಿಂದ ಹೊರಡುವ ಹಾಗೆ ತೆಗೆಯಿರಿ. ಒಮ್ಮೆ ದಾಟಿದ ಗಡಿಗೆ ಮತ್ತೆ ಬರುವ ಕೆಲಸ ಇರುವುದಿಲ್ಲ. ವೀಸಾ ನಿಯಮಗಳು ಎರಡೂ ದೇಶಗಳಲ್ಲಿ ಆಗಾಗ ಬದಲಾಗುತ್ತವೆ. ವಿಮಾನದ ಟಿಕೆಟ್‌ಗೆ ದುಡ್ಡು ಕಟ್ಟುವ ಮುಂಚೆ ಎರಡೂ ರಾಯಭಾರ ಕಚೇರಿಗಳ ವೆಬ್‌ಸೈಟ್ ನೋಡಿ. ಏಜೆಂಟ್ ಹೇಳಿದ್ದನ್ನೇ ನಂಬಿ ಕೂರಬೇಡಿ.

ಈಗ ಬಸ್ಸು. ಅರ್ಜೆಂಟೀನಾದ ದೂರದೂರಿನ ಬಸ್ಸು ಎರಡು ಅಂತಸ್ತಿನದು. ಸೀಟಿನಲ್ಲಿ ಮುಖ್ಯವಾಗಿ ಎರಡು ಬಗೆ. ‘ಸೆಮಿ ಕಾಮಾ’ ಅಂದರೆ ಅರ್ಧ ಮಲಗುವಷ್ಟು ಬಾಗುವ ಸೀಟು. ‘ಕಾಮಾ’ ಅಂದರೆ ಇನ್ನೂ ಅಗಲ, ಇನ್ನೂ ಬಾಗುತ್ತದೆ. ಸಾಲಿಗೆ ಮೂರೇ ಸೀಟು, ಒಂದು ಪಕ್ಕ ಎರಡು, ಇನ್ನೊಂದು ಪಕ್ಕ ಒಂದು. ರಾತ್ರಿಯ ಪ್ರಯಾಣಕ್ಕೆ ಕಾಮಾ ತೆಗೆದುಕೊಳ್ಳಿ, ಒಂದು ರಾತ್ರಿಯ ರೂಮ್ ಬಾಡಿಗೆ ಉಳಿಯುತ್ತದೆ. ಹಗಲಿಗೆ ಸೆಮಿ ಕಾಮಾ, ಮೇಲಂತಸ್ತು, ಸಿಕ್ಕಿದರೆ ಎಲ್ಲರಿಗಿಂತ ಮುಂದಿನ ಸೀಟು. ಎದುರಿಗೆ ದೊಡ್ಡ ಗಾಜು. ಎಸಿ ಮಾತ್ರ ಮೈ ಕೊರೆಯುತ್ತದೆ. ಒಂದು ಶಾಲು ಕೈಬ್ಯಾಗಿನಲ್ಲೇ ಇರಲಿ.

ಹೆಂಗಸರ ಬಗ್ಗೆ ಕೇಳಿದ್ದೀರಿ. ಅಲ್ಲಿ ಕಾಲೇಜು ಹುಡುಗಿಯರು, ಮೊಮ್ಮಗುವನ್ನು ಕರೆದುಕೊಂಡ ಅಜ್ಜಿಯರು ರಾತ್ರಿ ಬಸ್ಸಲ್ಲಿ ಒಬ್ಬೊಬ್ಬರೇ ಹೋಗುವುದನ್ನು ಪ್ರತಿ ಸಲ ನೋಡಿದ್ದೇನೆ. ಬಸ್ಸಿನೊಳಗಿಗಿಂತ ನಿಲ್ದಾಣದಲ್ಲೇ ಎಚ್ಚರ ಜಾಸ್ತಿ ಬೇಕು. ನನಗೇ ಒಂದು ದೊಡ್ಡ ನಿಲ್ದಾಣದಲ್ಲಿ ಆಯಿತು. ಹಿಂದಿನಿಂದ ಏನೋ ಒದ್ದೆ ಬಿದ್ದಂತಾಯಿತು. ನೋಡಿದರೆ ಅಂಗಿಯ ಮೇಲೆ ಹಳದಿ ಸಾಸಿವೆ ಸಾಸ್. ತಕ್ಷಣ ಒಬ್ಬ ಒರೆಸಲು ಕಾಗದ ಹಿಡಿದು ಬಂದ, ಬಹಳ ಮರ್ಯಾದೆಯ ಮಾತು. ನಾನು ಬ್ಯಾಗ್ ಕೆಳಗಿಟ್ಟು ಕೈ ಒರೆಸಿಕೊಳ್ಳುವಷ್ಟರಲ್ಲಿ ಇನ್ನೊಬ್ಬ ಆ ಬ್ಯಾಗಿನ ಪಟ್ಟಿ ಹಿಡಿದಿದ್ದ. ಅದು ನನ್ನ ಕಾಲಿಗೆ ಸುತ್ತಿಕೊಂಡಿದ್ದರಿಂದ ಉಳಿಯಿತು. ಇದು ಆ ಕಡೆಯ ಹಳೇ ತಂತ್ರ. ಮೈಮೇಲೆ ಏನೇ ಬಿದ್ದರೂ ನಿಲ್ಲಬೇಡಿ, ನಡೆಯುತ್ತಲೇ ಇರಿ, ಕೌಂಟರ್ ಹತ್ತಿರ ಹೋಗಿ ಆಮೇಲೆ ಒರೆಸಿಕೊಳ್ಳಿ. ಪಾಸ್‌ಪೋರ್ಟ್ ಇರುವ ಬ್ಯಾಗ್ ಮೇಲಿನ ರ‍್ಯಾಕಿಗೆ ಹಾಕಬೇಡಿ, ತೊಡೆಯ ಮೇಲಿರಲಿ. ಹೊಸ ಊರಿಗೆ ಬೆಳಕಿರುವಾಗ ತಲುಪುವ ಬಸ್ಸನ್ನೇ ಆರಿಸಿ. ದೊಡ್ಡ ಬ್ಯಾಗ್ ಡಿಕ್ಕಿಗೆ ಹಾಕಿದಾಗ ಕೊಡುವ ಚೀಟಿ ಜೋಪಾನ. ಹಾಕಿದ ಹುಡುಗನಿಗೆ ಚಿಲ್ಲರೆ ಕೊಡುವುದು ಅಲ್ಲಿನ ರೂಢಿ.

ಬ್ಯೂನಸ್ ಐರಿಸ್‌ನ ರೆತಿರೊ ನಿಲ್ದಾಣದಿಂದ ತುಕುಮಾನ್‌ಗೆ ಸುಮಾರು 1,250 ಕಿಲೋಮೀಟರ್, 15ರಿಂದ 17 ಗಂಟೆ. ರಾತ್ರಿ ಮಲಗಿ. ಕಿಟಕಿಯಲ್ಲಿ ಬಯಲು ಬಿಟ್ಟರೆ ಏನಿಲ್ಲ. ತುಕುಮಾನ್‌ನಿಂದ ಕಫಾಯಾತೆಗೆ ಹೋಗುವ ಹಗಲು ಬಸ್ಸು ಮಾತ್ರ ನಿಮ್ಮ ಇಡೀ ಪ್ರಯಾಣದ ಮೊದಲ ಪಾಠ. ಆರೇಳು ಗಂಟೆ ಹಿಡಿಯುತ್ತದೆ. ಒಂದು ನಿಮಿಷವೂ ನಿದ್ದೆ ಮಾಡಬೇಡಿ. ಮೊದಲು ಕಬ್ಬಿನ ಗದ್ದೆ. ಆಮೇಲೆ ನಮ್ಮ ಆಗುಂಬೆ ಘಾಟಿಯ ಹಾಗೆ ಪಾಚಿ ಹಿಡಿದ ಮರ, ಮಂಜು, ತೊಟ್ಟಿಕ್ಕುವ ಬಂಡೆ. ತಾಫಿ ದೆಲ್ ವಾಲ್ಯೆ ಅನ್ನುವ ಹಸಿರು ಬಟ್ಟಲಿನಂಥ ಊರು. ಅಲ್ಲಿಂದ 3,042 ಮೀಟರ್ ಎತ್ತರದ ಎಲ್ ಇನ್ಫಿಯೆರ್ನಿಯೊ ಕಣಿವೆ ಬಾಯಿ ದಾಟುತ್ತೀರಿ. ದಾಟಿದ ಕೂಡಲೇ ಮಳೆ ಮುಗಿಯಿತು. ಮೋಡವೆಲ್ಲ ಆಚೆಯೇ ಸುರಿದು ಖಾಲಿಯಾಗಿದೆ. ಈಚೆ ಆಳೆತ್ತರದ ಕಳ್ಳಿ, ಕೆಂಪು ಮಣ್ಣು, ಬಿಸಿಲು. ಕಫಾಯಾತೆಯ ದ್ರಾಕ್ಷಿ ಇರುವುದು ಈ ಒಣ ಪಕ್ಕದಲ್ಲಿ. ದ್ರಾಕ್ಷಿಗೆ ಮಾಗುವಾಗ ಮಳೆ ಬಿದ್ದರೆ ಹಣ್ಣು ಒಡೆಯುತ್ತದೆ, ಬೂಷ್ಟು ಹಿಡಿಯುತ್ತದೆ. ನಮ್ಮ ಕಡೆ ಅಕಾಲ ಮಳೆಗೆ ದ್ರಾಕ್ಷಿ ಬೆಳೆಗಾರರು ಎಷ್ಟು ಹೆದರುತ್ತಾರೆ ಗೊತ್ತಲ್ವಾ. ಇಲ್ಲಿ ಆ ಹೆದರಿಕೆ ಕಡಿಮೆ. ಬೇರಿಗೆ ನೀರು, ಹಣ್ಣಿಗೆ ಬಿಸಿಲು.

ಅದೇ ದಾರಿಯಲ್ಲಿ ಕಿಲ್ಮೆಸ್ ಅನ್ನುವ ಕಲ್ಲಿನ ಹಾಳೂರು ಇದೆ. ಆ ಜನ ಸ್ಪೇನಿನವರಿಗೆ ನೂರು ವರ್ಷಕ್ಕೂ ಹೆಚ್ಚು ಕಾಲ ತಲೆಬಾಗಲಿಲ್ಲ. ಕೊನೆಗೆ 1660ರ ದಶಕದಲ್ಲಿ ಸೋತಾಗ ಅವರನ್ನು ಬ್ಯೂನಸ್ ಐರಿಸ್‌ವರೆಗೆ ನಡೆಸಿಕೊಂಡು ಹೋದರು. ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ. ದಾರಿಯಲ್ಲೇ ಎಷ್ಟೋ ಜನ ಸತ್ತರು. ಬ್ಯೂನಸ್ ಐರಿಸ್ ಪಕ್ಕದ ಕಿಲ್ಮೆಸ್ ಊರಿನ ಹೆಸರು ಅವರಿಂದಲೇ ಬಂದದ್ದು. ನೀವು ಒಂದು ರಾತ್ರಿ ಮಲಗಿ ಬಂದ ದೂರ ಅದು. ಬಸ್ಸು ಆ ತಿರುವಿನಲ್ಲಿ ಹೋಗುವಾಗ ಬೆಟ್ಟದ ಮೇಲಿನ ಆ ಗೋಡೆಗಳ ಕಡೆ ಒಮ್ಮೆ ನೋಡಿ.

ಕಫಾಯಾತೆ ಸಣ್ಣ ಊರು, ಸುಮಾರು 1,700 ಮೀಟರ್ ಎತ್ತರ. ಬ್ಯಾಗ್ ರೂಮಿನಲ್ಲಿಟ್ಟರೆ ಮತ್ತೆ ಯಾವ ವಾಹನವೂ ಬೇಡ. ಬೊದೇಗಾಗಳಿಗೆ, ಅಂದರೆ ವೈನ್ ಮಾಡುವ ಮನೆಗಳಿಗೆ, ಊರ ಮಧ್ಯದ ಚೌಕದಿಂದ ನಡೆದೇ ಹೋಗಬಹುದು. ನನ್ನಿ ಅನ್ನುವ ಹಳೆಯ ಮನೆ ಚೌಕದ ಹತ್ತಿರವೇ ಇದೆ. ಊರಂಚಿನಲ್ಲಿ ಎಲ್ ಎಸ್ತೆಕೊ. ಮೊದಲ ಬೆಳಿಗ್ಗೆ ಬಳ್ಳಿ ಮತ್ತು ವೈನ್ ಮ್ಯೂಸಿಯಂಗೆ ಹೋಗಿ, ಆಮೇಲೆ ರುಚಿ ನೋಡಿ. ಆಗ ಬಾಯಲ್ಲಿರುವುದು ಏನು ಅಂತ ತಲೆಗೂ ಹೋಗುತ್ತದೆ.

ಇಲ್ಲಿನ ದ್ರಾಕ್ಷಿ ತೊರೊಂತೆಸ್. ಪಾದ್ರಿಗಳು ಸ್ಪೇನಿನಿಂದ ತಂದ ಕ್ರಿಯೊಯಾ ಬಳ್ಳಿಗೂ ಅಲೆಕ್ಸಾಂಡ್ರಿಯಾದ ಮಸ್ಕತ್ ಬಳ್ಳಿಗೂ ತೋಟದಲ್ಲಿ ತಾನಾಗಿಯೇ ಬೆರಕೆಯಾಗಿ ಹುಟ್ಟಿದ್ದು. ಅಂದರೆ ಇದು ಅರ್ಜೆಂಟೀನಾದ ಮನೆಮಗಳು. ಲೋಟ ಮೂಗಿನ ಹತ್ತಿರ ತಂದರೆ ಮಲ್ಲಿಗೆ, ಗುಲಾಬಿ, ಕಿತ್ತಳೆ ಸಿಪ್ಪೆ. ಇಷ್ಟು ಸಿಹಿ ವಾಸನೆಗೆ ಸಿಹಿ ವೈನ್ ಇರಬೇಕು ಅಂದುಕೊಂಡು ಒಂದು ಗುಟುಕು ಹಾಕಿದರೆ ನಾಲಿಗೆಗೆ ಸಿಹಿಯೇ ಇಲ್ಲ. ಕೊನೆಗೆ ಸಣ್ಣ ಕಹಿ. ವೈನ್ ಗೊತ್ತಿಲ್ಲದವರಿಗೆ ಶುರು ಮಾಡಲು ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಮೂಗು ಹೇಳುವುದು ಒಂದು, ನಾಲಿಗೆ ಹೇಳುವುದು ಇನ್ನೊಂದು ಅನ್ನುವುದು ಮೊದಲ ಲೋಟದಲ್ಲೇ ತಿಳಿಯುತ್ತದೆ.

ಹಳೆಯ ತೋಟಗಳಲ್ಲಿ ತೊರೊಂತೆಸ್ ಬಳ್ಳಿಯನ್ನು ‘ಪರ‍್ರಾಲ್’ ಮೇಲೆ ಹಬ್ಬಿಸಿರುತ್ತಾರೆ. ನಾನು ಮೊದಲ ಸಲ ಅದರ ಕೆಳಗೆ ಬಗ್ಗಿ ಹೋದಾಗ ಹಾಗೆಯೇ ನಿಂತುಬಿಟ್ಟೆ. ಅದು ನಮ್ಮ ಚಪ್ಪರವೇ! ಕಂಬ, ಮೇಲೆ ತಂತಿಯ ಜಾಲ, ತಲೆಗೆ ತಾಗುವ ಗೊಂಚಲು, ನೆಲದ ಮೇಲೆ ಚುಕ್ಕಿ ಚುಕ್ಕಿ ಬಿಸಿಲು. ಸುಡುವ ಬಿಸಿಲಿನಿಂದ ಹಣ್ಣಿಗೆ ಎಲೆಯ ನೆರಳು ಕೊಡುವ ಉಪಾಯ ಚಿಕ್ಕಬಳ್ಳಾಪುರದಲ್ಲೂ ಅದೇ, ಕಫಾಯಾತೆಯಲ್ಲೂ ಅದೇ. ಕೇಳಿದರೆ ಕೆಲಸದವರು ಒಳಗೆ ಬಿಡುತ್ತಾರೆ. ಕೇಳದೆ ಹಣ್ಣು ಕೀಳಬೇಡಿ.

ಒಂದು ದಿನ ಕೆಬ್ರಾದಾ ದೆ ಲಾಸ್ ಕೊಂಚಾಸ್‌ಗೆ ಇಡಿ. ಸಾಲ್ಟಾ ದಾರಿಯ ಕೆಂಪು ಬಂಡೆಗಳ ಕೊರಕಲು. ಬಾಡಿಗೆ ಸೈಕಲ್ಲನ್ನು ಬೆಳಗಿನ ಬಸ್ಸಿನ ಡಿಕ್ಕಿಗೆ ಹಾಕಿಸಿ, ‘ಗರ್ಗಾಂತಾ ದೆಲ್ ದಿಯಾಬ್ಲೊ’ ಅನ್ನುವ ಬಂಡೆ ಸೀಳಿನ ಹತ್ತಿರ ಇಳಿದು, ಅಲ್ಲಿಂದ ಸೈಕಲ್ ತುಳಿದು ವಾಪಸು ಬರುವುದು. ಐವತ್ತು ಕಿಲೋಮೀಟರ್ ಹತ್ತಿರ ಆಗುತ್ತದೆ. ತಲೆಗೆ ಮೂರು ಲೀಟರ್ ನೀರು ಒಯ್ಯಿರಿ, ದಾರಿಯಲ್ಲಿ ಅಂಗಡಿ ಇಲ್ಲ. ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಅದಕ್ಕೇ ಬೇಗ ಹೊರಡಬೇಕು. ಅಷ್ಟು ತುಳಿಯಲು ಆಗದಿದ್ದರೆ ಬೇಡ, ಸಾಲ್ಟಾಗೆ ಹೋಗುವ ಬಸ್ಸು ಅದೇ ಕೊರಕಲಿನಲ್ಲೇ ಹೋಗುತ್ತದೆ. 190 ಕಿಲೋಮೀಟರ್, ನಾಲ್ಕು ಗಂಟೆ.

ಸಾಲ್ಟಾದಲ್ಲಿ ಎರಡು ದಿನ ಬಟ್ಟೆ ಒಗೆದು ಸುಧಾರಿಸಿಕೊಳ್ಳಿ. ಅಲ್ಲಿಂದ ಮೆಂಡೋಸಾಗೆ 18ರಿಂದ 20 ಗಂಟೆ. ನಿಮ್ಮ ಪ್ರಯಾಣದ ಅತಿ ಉದ್ದದ ಬಸ್ಸು. ಇದಕ್ಕೆ ಕಾಮಾ ಬಿಟ್ಟು ಬೇರೇನೂ ತೆಗೆಯಬೇಡಿ. ಬಸ್ಸಿನ ಊಟದಲ್ಲಿ ಹ್ಯಾಮ್ ಇಲ್ಲದ ತಿಂಡಿ ಸಿಗುವುದು ಅಪರೂಪ. ಚೀಸ್, ಬ್ರೆಡ್, ಹಣ್ಣು ನೀವೇ ಕಟ್ಟಿಕೊಳ್ಳಿ.

ಮೆಂಡೋಸಾ. ಈ ಊರಿಗೆ ಆರು ರಾತ್ರಿ ಕೊಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಬಸ್ಸಿಳಿದು ರಸ್ತೆಗೆ ಬಂದರೆ ಎರಡೂ ಪಕ್ಕ ದಟ್ಟ ಮರ, ತಂಪು. ಇಷ್ಟು ಹಸಿರಿನ ಊರಿಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 200 ಮಿಲಿಮೀಟರ್ ಮಾತ್ರ. ನಮ್ಮ ಚಳ್ಳಕೆರೆಗೂ ಇದಕ್ಕಿಂತ ಎಷ್ಟೋ ಜಾಸ್ತಿ ಬೀಳುತ್ತದೆ. ಹಾಗಾದರೆ ಮರ ಹೇಗೆ? ಫುಟ್‌ಪಾತಿನ ಅಂಚಿಗೆ ನೋಡಿ. ಮೊಣಕಾಲುದ್ದದ ಕಲ್ಲಿನ ಕಾಲುವೆ. ಅದರ ಹೆಸರು ‘ಅಸೇಕಿಯಾ’. ಪ್ರತಿ ಮರದ ಬುಡವೂ ಅದರ ಬಾಯಿಗೆ. ರಾತ್ರಿ ಕತ್ತಲಲ್ಲಿ ಮೊಬೈಲ್ ನೋಡುತ್ತಾ ನಡೆದರೆ ಕಾಲು ಅದರೊಳಗೇ ಹೋಗುತ್ತದೆ, ಜೋಪಾನ. ಸ್ಪೇನಿನವರು ಬರುವ ಮುಂಚೆಯೇ ಹುಆರ್ಪೆ ಜನ ಇಲ್ಲಿ ಕಾಲುವೆ ತೆಗೆದು ಬೇಸಾಯ ಮಾಡುತ್ತಿದ್ದರು. 1861ರ ಭೂಕಂಪದಲ್ಲಿ ಊರು ಪೂರ್ತಿ ಬಿದ್ದುಹೋಯಿತು. ಮತ್ತೆ ಕಟ್ಟುವಾಗ ಜನ ಓಡಿ ನಿಲ್ಲಲು ಜಾಗ ಇರಲಿ ಅಂತ ಅಗಲ ರಸ್ತೆ, ದೊಡ್ಡ ಚೌಕ ಬಿಟ್ಟರು, ಕಾಲುವೆಯನ್ನು ಬೀದಿಬೀದಿಗೂ ಎಳೆದರು.

ತೋಟಗಳಲ್ಲಿ ಈ ನೀರು ಸರದಿಯ ಮೇಲೆ ಬರುತ್ತದೆ. ಸರದಿಗೆ ಅವರು ‘ತುರ್ನೊ’ ಅನ್ನುತ್ತಾರೆ. ಕಾಲುವೆಯ ಬಾಗಿಲು ತೆಗೆದು ಮುಚ್ಚುವವನು ‘ತೊಮೇರೊ’. ಯಾರ ತೋಟಕ್ಕೆ ಎಷ್ಟು ಹೊತ್ತು ಅನ್ನುವುದು ಅವನ ಕೈಲಿ. ಒಂದು ಬೆಳಿಗ್ಗೆ ಪಕ್ಕದ ಮೈಪು ಊರಿನ ಹತ್ತಿರ ಒಬ್ಬ ಹಿರಿಯ ತೊಮೇರೊ ಕಬ್ಬಿಣದ ತಿರುಗಣಿ ಸುತ್ತಿ ಬಾಗಿಲೆತ್ತುವುದನ್ನು ನೋಡುತ್ತಾ ನಿಂತಿದ್ದೆ. ನೀರು ಮೊದಲು ಒಣ ಎಲೆ, ಕಡ್ಡಿ, ನೊರೆಯನ್ನು ತಳ್ಳಿಕೊಂಡು ಬಂತು. ಆಮೇಲೆ ಕಂದು ಬಣ್ಣದ ನೀರು, ಮುಟ್ಟಿದರೆ ತಣ್ಣಗೆ ಕೊರೆಯಿತು. ಆತ ಗಡಿಯಾರ ನೋಡಿದ, ಜೇಬಿನ ಪುಸ್ತಕದಲ್ಲಿ ಏನೋ ಬರೆದುಕೊಂಡ, ಸೈಕಲ್ ಹತ್ತಿ ಮುಂದಿನ ಬಾಗಿಲಿಗೆ ಹೋದ. ನಮ್ಮ ಕೆರೆಗಳ ನೀರುಗಂಟಿಯ ಕೆಲಸವೇ ಅದು. ನಮ್ಮೂರ ನೀರುಗಂಟಿಯ ಮನೆಯವರು ಆ ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು. ಕೆರೆಯೂ ಒಣಗಿದೆ. ಮೆಂಡೋಸಾದಲ್ಲಿ ಅದು ಇನ್ನೂ ನಡೆಯುತ್ತಿದೆ. ಅವರಿಗೆ 1884ರಿಂದಲೇ ನೀರಿನ ಕಾನೂನು ಇದೆ. ನನಗೆ ಆ ಊರಿನ ಮೇಲಿರುವ ಪ್ರೀತಿಗೆ ಅರ್ಧ ಕಾರಣ ಆ ಬೆಳಿಗ್ಗೆ.

ಮೈಪು ಊರಿಗೆ ಮೆಂಡೋಸಾದಿಂದಲೇ ಟ್ರಾಮ್ ಇದೆ, ಕೊನೆಯ ನಿಲ್ದಾಣ ಗುತಿಯೆರೆಸ್. ಸಿಟಿ ಬಸ್ಸೂ ಇದೆ. ಎರಡಕ್ಕೂ ‘ಸೂಬೆ’ ಅನ್ನುವ ಕಾರ್ಡು ನಡೆಯುತ್ತದೆ. ಅದನ್ನು ಬ್ಯೂನಸ್ ಐರಿಸ್‌ನಲ್ಲೇ ಕೊಂಡರೆ ಇಲ್ಲೂ ಕೆಲಸಕ್ಕೆ ಬರುತ್ತದೆ. ಮೈಪುವಿನಲ್ಲಿ ಸೈಕಲ್ ಬಾಡಿಗೆ ಸಿಗುತ್ತದೆ. ಲಾ ರುರಾಲ್ ಬೊದೇಗಾದಲ್ಲಿ ವೈನ್ ಮ್ಯೂಸಿಯಂ ಇದೆ. ಹಳೇ ಕಾಲದಲ್ಲಿ ದ್ರಾಕ್ಷಿಯನ್ನು ತುಳಿಯಲು ಇಡೀ ಹಸುವಿನ ಚರ್ಮವನ್ನೇ ತೊಟ್ಟಿ ಮಾಡಿದ್ದನ್ನು ಅಲ್ಲಿ ನೋಡಬಹುದು. ದಿ ತೊಮ್ಮಾಸೊ 1869ರ ಬೊದೇಗಾ. ನಡುವೆ ಆಲಿವ್ ಎಣ್ಣೆ ತೆಗೆಯುವವರೂ ಸಿಗುತ್ತಾರೆ, ಅಲ್ಲಿ ಬ್ರೆಡ್ಡಿಗೆ ಅದ್ದಿ ತಿನ್ನಲು ಕೊಡುತ್ತಾರೆ. ಗೆಳತಿಗೆ ಅದೇ ಮಧ್ಯಾಹ್ನದ ಊಟ ಆಗಬಹುದು. ಒಂದು ದಿನಕ್ಕೆ ಮೂರು ಬೊದೇಗಾ, ನಾಲ್ಕನೆಯದು ಬೇಡ. ಭಾನುವಾರ ಬಹಳ ಕಡೆ ಮುಚ್ಚಿರುತ್ತದೆ. ಹಿಂದಿನ ದಿನವೇ ಮೆಸೇಜ್ ಮಾಡಿ ಸಮಯ ಕೇಳಿ.

ರುಚಿ ನೋಡುವುದಕ್ಕೆ ನಾಚಿಕೆ ಬೇಡ. ಲೋಟ ಓರೆ ಮಾಡಿ ಬಣ್ಣ ನೋಡಿ, ತಿರುಗಿಸಿ ಮೂಸಿ, ಸಣ್ಣ ಗುಟುಕು ಬಾಯಲ್ಲಿ ಆಡಿಸಿ, ಪಕ್ಕದ ಪಾತ್ರೆಗೆ ಉಗುಳಿ. ಉಗುಳುವುದು ಅಲ್ಲಿ ಅವಮರ್ಯಾದೆಯಲ್ಲ, ತಯಾರಿಸುವವರೂ ಅದನ್ನೇ ಮಾಡುತ್ತಾರೆ. ಮೈಪುವಿನ ರಸ್ತೆಯಲ್ಲಿ ಲಾರಿಗಳು ಓಡಾಡುತ್ತವೆ. ಎಲ್ಲವನ್ನೂ ನುಂಗಿ ಸೈಕಲ್ ಹತ್ತಿದರೆ ಅಪಾಯ. ಅರ್ಜೆಂಟೀನಾದಲ್ಲಿ ಗಾಡಿ ಓಡಿಸುವವರ ರಕ್ತದಲ್ಲಿ ಮದ್ಯ ಸೊನ್ನೆ ಇರಬೇಕು ಅನ್ನುವ ರಾಷ್ಟ್ರೀಯ ಕಾನೂನು 2023ರಲ್ಲಿ ಬಂತು. ಬಾಡಿಗೆ ಕಾರಿಗಿಂತ ಬಸ್ಸು ಯಾಕೆ ಒಳ್ಳೆಯದು ಅನ್ನುವುದಕ್ಕೆ ಇದೂ ಒಂದು ಕಾರಣ.

ಮಾಲ್ಬೆಕ್ ಕಥೆ ಚಿಕ್ಕದಾಗಿ ಹೇಳುತ್ತೇನೆ, ಅಲ್ಲಿ ಎಲ್ಲರೂ ಉದ್ದವಾಗಿ ಹೇಳುತ್ತಾರೆ. ಮಿಷೆಲ್ ಪೂಜೆ ಅನ್ನುವ ಫ್ರೆಂಚ್ ಕೃಷಿತಜ್ಞ 1853ರ ಸುಮಾರಿಗೆ ಫ್ರೆಂಚ್ ಬಳ್ಳಿಗಳನ್ನು ಮೆಂಡೋಸಾಗೆ ತಂದ. ಕೆಲವೇ ವರ್ಷಗಳಲ್ಲಿ ಬೇರು ತಿನ್ನುವ ಫಿಲಾಕ್ಸೆರಾ ಹುಳು ಯುರೋಪಿನ ತೋಟಗಳನ್ನು ಹಾಳು ಮಾಡಿತು. ಅಲ್ಲಿ ಇವತ್ತಿಗೂ ಅಮೆರಿಕದ ಬೇರಿಗೆ ಕಸಿ ಕಟ್ಟಿಯೇ ಬಳ್ಳಿ ನೆಡುತ್ತಾರೆ. ಮೆಂಡೋಸಾದ ಮರಳು ಮಣ್ಣಿನಲ್ಲಿ ಆ ಹುಳು ಅಷ್ಟು ಹಾವಳಿ ಮಾಡಲಿಲ್ಲ. ಹಾಗಾಗಿ ಸ್ವಂತ ಬೇರಿನ ಮೇಲೆ ನಿಂತ ಮುದಿ ಬಳ್ಳಿಗಳು ಇಲ್ಲಿ ಸಿಗುತ್ತವೆ. ತೊಡೆಯಷ್ಟು ದಪ್ಪದ ಕಾಂಡ. 1885ರಲ್ಲಿ ರೈಲು ಬಂದು, ಜೊತೆಗೆ ಇಟಲಿಯ ವಲಸಿಗರು ಬಂದ ಮೇಲೆ ಮೆಂಡೋಸಾ ಇಡೀ ದೇಶಕ್ಕೆ ವೈನ್ ಕುಡಿಸಲು ಶುರು ಮಾಡಿತು. ತೋಟಗಳ ಮೇಲೆ ಕಪ್ಪು ಬಲೆ ಕಂಡರೆ ಅದು ಹಕ್ಕಿಗಲ್ಲ, ಆಲಿಕಲ್ಲಿಗೆ. ಹತ್ತು ನಿಮಿಷದ ಆಲಿಕಲ್ಲು ಮಳೆ ಒಂದು ವರ್ಷದ ಬೆಳೆ ಕೊಂಡುಹೋಗುತ್ತದೆ.

ಮೆಂಡೋಸಾದ ಇನ್ನೊಂದು ದ್ರಾಕ್ಷಿ ಸೀಮೆಯಾದ ಉಕೊ ಕಣಿವೆಗೂ ಬಸ್ಸಿದೆ. ಆದರೆ ಅಲ್ಲಿನ ಬೊದೇಗಾಗಳು ಒಂದಕ್ಕೊಂದು ಬಹಳ ದೂರ. ಒಂದು ದಿನಕ್ಕೆ ಟ್ಯಾಕ್ಸಿಯನ್ನು ನಾಲ್ವರು ಹಂಚಿಕೊಂಡರೆ ಸರಿಹೋಗುತ್ತದೆ. ಹಾಸ್ಟೆಲಿನಲ್ಲಿ ಜೊತೆ ಸಿಗುತ್ತಾರೆ.

ಊಟದ ವಿಷಯಕ್ಕೆ ಬರೋಣ. ‘ಸಿನ್ ಕಾರ್ನೆ’, ಅಂದರೆ ಮಾಂಸ ಬೇಡ ಅಂತ ಹೇಳಿದರೆ ಸಾಲದು. ಅವರ ಲೆಕ್ಕದಲ್ಲಿ ಕಾರ್ನೆ ಅಂದರೆ ದನದ ಮಾಂಸ. ಹ್ಯಾಮ್, ಕೋಳಿ ಹಾಕಿ ತರುತ್ತಾರೆ. ‘ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಹಮೋನ್, ಸಿನ್ ಪೆಸ್ಕಾದೊ’ ಅಂತ ನಾಲ್ಕೂ ಬಿಡಿಸಿ ಹೇಳಿ. ಎಂಪನಾದಾ ನಮ್ಮ ಕರ್ಜಿಕಾಯಿಯಂತೆ ಇರುತ್ತದೆ. ಒಳಗೆ ಚೀಸು, ಈರುಳ್ಳಿಯೇ ಇದ್ದರೂ ಹಿಟ್ಟಿಗೆ ದನದ ಕೊಬ್ಬು ಕಲಸುವುದು ಸಾಮಾನ್ಯ. ‘ಗ್ರಾಸಾ’ ಇದೆಯಾ ಅಂತ ಕೇಳಬೇಕು. ‘ಮಾಂತೆಕಾ’ ಅಂದರೆ ಅರ್ಜೆಂಟೀನಾದಲ್ಲಿ ಬೆಣ್ಣೆ. ಬೆಟ್ಟ ದಾಟಿ ಚಿಲಿಗೆ ಹೋದರೆ ಅದೇ ಮಾತಿಗೆ ಹಂದಿ ಕೊಬ್ಬು ಅಂತ ಅರ್ಥ. ಅಲ್ಲಿ ಬೆಣ್ಣೆಗೆ ‘ಮಾಂತೆಕಿಯಾ’. ಗೆಳತಿಗೆ ಇದನ್ನು ಕಾಗದದಲ್ಲಿ ಬರೆದುಕೊಡಿ. ಇಟಲಿಯವರ ದಯದಿಂದ ಪಾಸ್ತಾ, ಪಿಜ್ಜಾ ಎಲ್ಲ ಊರಲ್ಲೂ ಇದೆ. ಚಿಲಿಯಲ್ಲಿ ಬೇಸಿಗೆ ಕೊನೆಗೆ ‘ಪೊರೊತೊಸ್ ಗ್ರಾನಾದೊಸ್’ ಮಾಡುತ್ತಾರೆ. ಹಸಿ ಬೀನ್ಸ್ ಕಾಳು, ಕುಂಬಳ, ಮೆಕ್ಕೆಜೋಳ ಬೇಯಿಸಿದ ಗಟ್ಟಿ ಸಾರು. ಮನೆಯ ನೆನಪು ಬರುತ್ತದೆ. ಮಧ್ಯಾಹ್ನ ಒಂದೂವರೆಯಿಂದ ಐದರವರೆಗೆ ಮೆಂಡೋಸಾ, ಕಫಾಯಾತೆಯಲ್ಲಿ ಅಂಗಡಿ ಮುಚ್ಚಿರುತ್ತವೆ. ರಾತ್ರಿ ಊಟ ಒಂಬತ್ತರ ಮೇಲೆಯೇ. ಸಂಜೆಗೆ ಏನಾದರೂ ಕೈಲಿಟ್ಟುಕೊಳ್ಳಿ.

ಮೆಂಡೋಸಾದಿಂದ ಸ್ಯಾಂಟಿಯಾಗೊಗೆ ಬೆಳಗಿನ ಬಸ್ಸನ್ನೇ ಹಿಡಿಯಿರಿ, ಬಲಗಡೆ ಸೀಟು. ರಾತ್ರಿ ಬಸ್ಸು ಹಿಡಿದರೆ ಆಂಡೀಸ್ ದಾಟಿಯೂ ದಾಟದ ಹಾಗೆ. ಉಸ್ಪಯಾತಾ ಊರು ಆದಮೇಲೆ ಬೆಟ್ಟಗಳಿಗೆ ಹಸಿರು, ನೇರಳೆ, ಹಳದಿ ಬಣ್ಣ. ಪಕ್ಕದಲ್ಲೇ ಹಳೇ ರೈಲುಹಳಿ, 1910ರಲ್ಲಿ ಓಡಾಟ ಶುರುವಾದದ್ದು, ಈಗ ಸುಮ್ನೆ ಬಿದ್ದಿದೆ. ಪಕ್ಕದಲ್ಲಿ ಹರಿಯುವುದು ಮೆಂಡೋಸಾ ನದಿ. ಮೈಪುವಿನ ಆ ತೊಮೇರೊ ಬಾಗಿಲೆತ್ತಿ ಬಿಟ್ಟ ನೀರು ಇಲ್ಲಿಂದಲೇ ಬಂದದ್ದು. ಬಲಕ್ಕೆ ಒಂದು ಕಡೆ ಬೆಟ್ಟದ ಸಾಲು ಬಾಯಿಬಿಟ್ಟು, ಹಿಂದೆ ಅಕೊಂಕಾಗುವಾ ಶಿಖರ ಕಾಣುತ್ತದೆ. 6,961 ಮೀಟರ್. ಅರ್ಧ ನಿಮಿಷ ಅಷ್ಟೇ. ಕಣ್ಣು ಕಿಟಕಿಯಲ್ಲೇ ಇರಲಿ. ಆಮೇಲೆ 3,200 ಮೀಟರ್ ಹತ್ತಿರದ ಸುರಂಗ, ಆಚೆ ಚಿಲಿ. ಹಾವು ಸುತ್ತಿದಂತೆ ಇಳಿಯುವ ತಿರುವುಗಳು. ಗಡಿಯ ಸಾಲೂ ಸೇರಿ ಏಳೆಂಟು ಗಂಟೆ, ಜನ ಜಾಸ್ತಿ ಇದ್ದರೆ ಇನ್ನೂ ಹೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಮ ಬಿದ್ದು ದಾರಿ ದಿನಗಟ್ಟಲೆ ಮುಚ್ಚುತ್ತದೆ. ಮಾರ್ಚ್, ಏಪ್ರಿಲ್ ಹೇಳಿದ್ದಕ್ಕೆ ಇದೂ ಕಾರಣ.

ಗಡಿಯಲ್ಲಿ ಚಿಲಿಯವರು ಹಣ್ಣು, ತರಕಾರಿ, ಬೀಜ, ಮಾಂಸ, ಹಾಲಿನ ಪದಾರ್ಥ, ಜೇನು ಎಲ್ಲವನ್ನೂ ಹುಡುಕುತ್ತಾರೆ. ಬ್ಯಾಗುಗಳನ್ನೆಲ್ಲ ಇಳಿಸಿ ಸ್ಕ್ಯಾನ್ ಮಾಡುತ್ತಾರೆ, ನಾಯಿ ಬಂದು ಮೂಸುತ್ತದೆ. ಇದು ಸುಮ್ನೆ ಕಾಟ ಅಲ್ಲ. ಫಿಲಾಕ್ಸೆರಾ ಇವತ್ತಿನವರೆಗೆ ಚಿಲಿಯೊಳಗೆ ಕಾಲಿಟ್ಟಿಲ್ಲ. ಒಂದು ಕಡೆ ಆಂಡೀಸ್, ಒಂದು ಕಡೆ ಸಮುದ್ರ, ಉತ್ತರಕ್ಕೆ ಮರುಭೂಮಿ, ಬಾಗಿಲಲ್ಲಿ ಈ ಅಧಿಕಾರಿಗಳು. ನನ್ನ ಬ್ಯಾಗಿನಲ್ಲಿ ಒಮ್ಮೆ ಶೇಂಗಾ ಚಟ್ನಿಪುಡಿ ಇತ್ತು. ಘೋಷಣೆ ಪತ್ರದಲ್ಲಿ ‘ಇದೆ’ ಅಂತಲೇ ಬರೆದಿದ್ದೆ. ಅಧಿಕಾರಿ ಹೆಂಗಸು ಡಬ್ಬಿ ತೆಗೆದು ಮೂಸಿ ನೋಡಿ, ಹುರಿದದ್ದಾ ಅಂತ ಕೇಳಿ, ಮುಚ್ಚಿ ಕೊಟ್ಟರು. ನನ್ನ ಮುಂದಿದ್ದ ಹುಡುಗ ಬ್ಯಾಗಿನಲ್ಲಿ ಎರಡು ಸೇಬು ಮರೆತು ‘ಇಲ್ಲ’ ಅಂತ ಬರೆದಿದ್ದ. ಅವನಿಗೆ ದಂಡ ಬಿತ್ತು. ಅನುಮಾನ ಇದ್ದರೆ ‘ಇದೆ’ ಅಂತಲೇ ಬರೆಯಿರಿ. ಹೆಚ್ಚೆಂದರೆ ತೆಗೆದುಕೊಂಡು ಎಸೆಯುತ್ತಾರೆ. ಕರಿಬೇವು, ಹಸಿ ಮೆಣಸಿನಕಾಯಿ ತರಲೇಬೇಡಿ. ಬಸ್ಸಿಗೆಂದು ಕಟ್ಟಿಸಿಕೊಂಡ ಚೀಸು, ಹಣ್ಣು ಗಡಿಗೆ ಮುಂಚೆಯೇ ತಿಂದು ಮುಗಿಸಿ.

ಸ್ಯಾಂಟಿಯಾಗೊದಲ್ಲಿ ಎರಡು ರಾತ್ರಿ ಸಾಕು. ಎಸ್ತಾಸಿಯೋನ್ ಸೆಂತ್ರಾಲ್ ಸುತ್ತಲಿನ ನಿಲ್ದಾಣಗಳಿಂದ ಕೊಲ್ಚಾಗುವಾದ ಸಾಂತಾ ಕ್ರೂಸ್‌ಗೆ ಬಸ್ಸು ಸಿಗುತ್ತದೆ, ಸುಮಾರು ಮೂರು ಗಂಟೆ. ಲಾರಾ ಹಾರ್ಟ್‌ವಿಗ್ ತೋಟಕ್ಕೆ ಊರಿಂದ ನಡೆದೇ ಹೋಗಬಹುದು. ಮಿಕ್ಕವಕ್ಕೆ ‘ಕೊಲೆಕ್ತಿವೊ’ ಹಿಡಿಯಬೇಕು. ಚಿಲಿಯಲ್ಲಿ ಅದು ಗೊತ್ತಾದ ದಾರಿಯಲ್ಲಿ ಓಡುವ ಹಂಚು ಟ್ಯಾಕ್ಸಿ. ಬ್ಯೂನಸ್ ಐರಿಸ್‌ನಲ್ಲಿ ಅದೇ ಮಾತಿಗೆ ಸಿಟಿ ಬಸ್ಸು. ಬೊದೇಗಾಕ್ಕೂ ಇಲ್ಲಿ ‘ವಿನ್ಯಾ’ ಅನ್ನುತ್ತಾರೆ.

ಇಲ್ಲಿ ಕೇಳಬೇಕಾದ್ದು ಕಾರ್ಮೆನೇರ್. ಫ್ರಾನ್ಸಿನ ಬೋರ್ಡೊದಲ್ಲಿ ಫಿಲಾಕ್ಸೆರಾ ಬಂದ ಮೇಲೆ ಈ ಬಳ್ಳಿ ಹೆಚ್ಚುಕಡಿಮೆ ಅಳಿದೇ ಹೋಗಿತ್ತು. ಅದಕ್ಕೂ ಮುಂಚೆಯೇ ಚಿಲಿಗೆ ಬಂದ ಸಸಿಗಳಲ್ಲಿ ಇದೂ ಸೇರಿತ್ತು. ಇಲ್ಲಿಯವರು ನೂರು ವರ್ಷಕ್ಕೂ ಹೆಚ್ಚು ಕಾಲ ಇದನ್ನು ಮೆರ್ಲೊ ಅನ್ನುವ ಇನ್ನೊಂದು ಫ್ರೆಂಚ್ ದ್ರಾಕ್ಷಿ ಅಂದುಕೊಂಡೇ ಬೆಳೆದರು. ಅರ್ಧ ತೋಟ ಯಾಕೆ ಮೂರು ವಾರ ತಡವಾಗಿ ಮಾಗುತ್ತದೆ ಅಂತ ಯಾರಿಗೂ ಹೊಳೆಯಲಿಲ್ಲ. 1994ರ ನವೆಂಬರ್‌ನಲ್ಲಿ ಜಾನ್ ಮಿಷೆಲ್ ಬೂರ್ಸಿಕೊ ಅನ್ನುವ ಫ್ರೆಂಚ್ ಬಳ್ಳಿತಜ್ಞ ಸ್ಯಾಂಟಿಯಾಗೊ ಪಕ್ಕದ ಮೈಪೊ ಕಣಿವೆಯ ಒಂದು ತೋಟದಲ್ಲಿ ನಿಂತು, ಇದು ಮೆರ್ಲೊ ಅಲ್ಲ, ಕಾರ್ಮೆನೇರ್ ಅಂದರು. ನೀವು ಏಪ್ರಿಲ್‌ನಲ್ಲಿ ಹೋದರೆ ಮಿಕ್ಕ ಸಾಲುಗಳು ಕೊಯ್ಲಾಗಿ ಖಾಲಿ, ಇದರಲ್ಲಿ ಮಾತ್ರ ಇನ್ನೂ ಗೊಂಚಲು. ಎಲೆಯ ಅಂಚು ಕೆಂಪಾಗುತ್ತಾ ಬರುತ್ತಿರುತ್ತದೆ. ಆ ಕೆಂಪಿನಿಂದಲೇ ಅದಕ್ಕೆ ಹೆಸರು. ಒಂದು ಎಲೆ ಕೈಯಲ್ಲಿ ಹಿಡಿದು ನೋಡಿ, ಆಮೇಲೆ ವೈನ್ ಕುಡಿಯಿರಿ. ದೊಣ್ಣೆಮೆಣಸಿನಕಾಯಿಯ ಹಸಿ ವಾಸನೆ ಬಂದರೆ ಬೇಗ ಕೊಯ್ದದ್ದು ಅಂತ ಲೆಕ್ಕ.

ಕೊನೆಯ ಮೂರು ದಿನ ವಾಲ್ಪರೈಸೊದಲ್ಲಿ ಸಮುದ್ರ ನೋಡಿ. ಸ್ಯಾಂಟಿಯಾಗೊದಿಂದ ಅಲ್ಲಿಗೆ ಹೋಗುವ ಬಸ್ಸು ಕಾಸಾಬ್ಲಾಂಕಾ ಕಣಿವೆಯ ತೋಟಗಳ ನಡುವೆಯೇ ಹೋಗುತ್ತದೆ. ಸಮುದ್ರದ ಮಂಜು ತಂಪು ಮಾಡುವುದರಿಂದ ಅಲ್ಲಿ ಬಿಳಿ ದ್ರಾಕ್ಷಿ ಚೆನ್ನ. ಇಳಿಯದೆ ಕಿಟಕಿಯಿಂದಲೇ ನೋಡಿದರೂ ಸಾಕು.

ಬಾಟಲಿ ತರುವುದಾದರೆ ಭಾರತಕ್ಕೆ ತಲೆಗೆ 2 ಲೀಟರ್‌ವರೆಗೆ ಸುಂಕವಿಲ್ಲ, ಅಂದರೆ ಒಬ್ಬೊಬ್ಬರಿಗೆ ಎರಡು ಬಾಟಲಿ. ಕಫಾಯಾತೆಯಲ್ಲಿ ಕೊಂಡ ತೊರೊಂತೆಸ್ ಅನ್ನು ಉಣ್ಣೆ ಬಟ್ಟೆಯಲ್ಲಿ ಸುತ್ತಿ ಬ್ಯಾಗಿನ ನಡುವೆ ಇಡಿ. ಬಸ್ಸಿನ ಡಿಕ್ಕಿ ಬಿಸಿಲಿಗೆ ಕಾಯುತ್ತದೆ, ಹಗಲಲ್ಲಿ ಸೀಟಿನ ಕೆಳಗೇ ಇರಲಿ. ಧಾರವಾಡಕ್ಕೆ ಬಂದ ಮೇಲೆ ಅದನ್ನು ಜೋಪಾನ ಮಾಡಿ ಇಡಬೇಡಿ. ವರ್ಷ ಕಳೆದರೆ ಆ ಮಲ್ಲಿಗೆ ವಾಸನೆ ಇಳಿದುಹೋಗುತ್ತದೆ. ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ, ಆ ವಾರವೇ ಇಬ್ಬರೂ ಕೂತು ತೆರೆಯಿರಿ. ಕಾರ್ಮೆನೇರ್ ಬೇಕಾದರೆ ಎರಡು ಮೂರು ವರ್ಷ ಕಾಯುತ್ತದೆ.